ಎರಡನೆಯ ಪೊಟ್ಟಣ

ರಕ್ತ ಕೊಟ್ಟರೆ ಯಾರಿಗೂ ಏನೂ ಆಗುವುದಿಲ್ಲ ಎಂದು ಮೈಕು ಹಿಡಿದು ಭಾಷಣ ಬಿಗಿದವನೇ ಮೊದಲು ನೆಲಕ್ಕೆ ಬಿದ್ದ.

ಎಪ್ಪತ್ತೊಂದರ ಡಿಸೆಂಬರ್, ಯುದ್ಧದ ದಿನಗಳು. ನಾಸಿಕ್‌ನ ಒಂದು ಶಾಲೆಯಲ್ಲಿ ಜವಾನರಿಗಾಗಿ ರಕ್ತದಾನದ ಶಿಬಿರ ಏರ್ಪಾಡಾಗಿತ್ತು. ಭಾಷಣ ಮಾಡಿದವನು ಕೃಷ್ಣರಾಜ, ಅಲ್ಲಿನ ಒಂದು ಕಾಲೇಜಿಗೆ ಹೊಸದಾಗಿ ಬಂದ ಕೆಮಿಸ್ಟ್ರಿ ಲೆಕ್ಚರರ್. ದೇವರ ಮೇಲೆ ಭಾರ ಹಾಕಬೇಡಿ, ವಿಜ್ಞಾನವನ್ನು ನಂಬಿ ಬನ್ನಿ ಎಂದು ಮರಾಠಿಯಲ್ಲಿ ಗಂಟಲು ಹರಿಯುವಂತೆ ಹೇಳಿ, ತಾನೇ ಮೊದಲು ತೋಳು ಚಾಚಿದ್ದ. ಎಲ್ಲ ಮುಗಿದು ಎದ್ದು ನಿಂತು, ತನ್ನದೇ ರಕ್ತ ತುಂಬಿದ ಬಾಟಲಿಯನ್ನು ನೋಡಿದ್ದೇ ತಡ, ಕಣ್ಣು ಕತ್ತಲೆ ಬಂದು ಕುಸಿದ.

ಪಕ್ಕದ ಮಂಚದಲ್ಲಿ ಮಲಗಿದ್ದ ಜಲಜಾಕ್ಷಿ ನಗು ತಡೆಯಲು ಸೆರಗನ್ನು ಬಾಯಿಗೆ ಒತ್ತಿಕೊಂಡಳು. ಸೂಜಿ ಚುಚ್ಚುವಾಗ ಅವಳು "ಅಪ್ಪಾ ನರಸಿಂಹಾ" ಅಂದಿದ್ದಳು, ಅಷ್ಟೆ. ಮತ್ತೆ ಛಾವಣಿಯ ಹಂಚು ನೋಡುತ್ತಾ ಆರಾಮವಾಗಿದ್ದಳು.

ಮುಖಕ್ಕೆ ನೀರು ಚಿಮುಕಿಸಿ ಕೂರಿಸಿದಾಗ ಅವನ ಮೊದಲ ಮಾತು ಅವಳಿಗೇ.

"ನಗಬೇಡಿ. ಬೆಳಗ್ಗೆ ತಿಂಡಿ ತಿಂದಿರಲಿಲ್ಲ. ಬ್ಲಡ್ ಶುಗರ್ ಇಳೀತು."

"ಕನ್ನಡದವರಾ? ಹಾಗಾದ್ರೆ ನಮ್ಮ ಹೋಟೆಲಿನಲ್ಲಿ ಎರಡು ಇಡ್ಲಿ ತಿಂದು ಬರಬೇಕಿತ್ತು. ರವಿವಾರ ಕಾರಂಜಾ ಚೌಕದ ಹತ್ತಿರ, ಐತಾಳರ ಹೋಟೆಲು. ದೇವರನ್ನು ನಂಬದವರಿಗೂ ಚಟ್ನಿ ಹಾಕ್ತೇವೆ."

ಅವನ ಕಿವಿ ಕೆಂಪಾಯಿತು. ಅಷ್ಟರಲ್ಲಿ ಡಾಕ್ಟರ್ ಗುಣವತಿ ಕೈಯಲ್ಲಿ ರಕ್ತದ ಗುಂಪು ನೋಡುವ ಬಿಳಿ ಟೈಲ್ ಹಿಡಿದು ಬಂದರು. ಬೀದರ್ ಕಡೆಯವರು, ದೊಡ್ಡ ದನಿಯ ಹೆಂಗಸು. "ಯವ್ವಾ, ಇಲ್ಲಿ ನೋಡು. ನಿನ್ನ ರಕ್ತದ ಒಂದು ಹನಿನೂ ಹೆಪ್ಪುಗಟ್ಟಿಲ್ಲ. ಓ ನೆಗೆಟಿವ್! ಇಂಥಾ ರಕ್ತ ಹುಡುಕಿದ್ರೂ ಸಿಗಂಗಿಲ್ಲ. ನಿನ್ನ ಅಡ್ರೆಸ್ ಕೊಟ್ಟು ಹೋಗು, ಬೇಕಾದಾಗ ಕರೀತೀನಿ."

"ಎಲ್ಲಿ, ಎಲ್ಲಿ," ಎಂದು ಕೃಷ್ಣರಾಜ ತಲೆ ಸುತ್ತಿದ್ದನ್ನೂ ಮರೆತು ಎದ್ದು ಬಂದ. ಟೈಲನ್ನು ನೋಡಿದ, ಅವಳನ್ನು ನೋಡಿದ, ಮತ್ತೆ ಟೈಲನ್ನು ನೋಡಿದ. ಚಿನ್ನದ ಅಂಗಡಿಯಲ್ಲಿ ಹೆಂಗಸರು ನೋಡುವ ಹಾಗೆ ನೋಡಿದ. "ನಂದು ಬಿ ಪಾಸಿಟಿವ್. ಊರಿಗೆಲ್ಲಾ ಇರೋದು. ನಿಮ್ಮದು ಸ್ಪೆಷಲ್ ನೋಡಿ," ಎಂದ. ಹುಡುಗಿಗೆ ಜನ್ಮದಲ್ಲಿ ಯಾರೂ ಹಾಗೆ ಹೇಳಿರಲಿಲ್ಲ. ಅವಳಿಗೆ ಇಷ್ಟು ವರ್ಷ ಸಿಕ್ಕಿದ್ದೆಲ್ಲ ಬೇರೆ ಥರದ ಹೆಸರು.

ಮರುದಿನವೇ ಅವನು ತಿಂಡಿಗೆ ಬಂದ. ಅದರ ಮರುದಿನವೂ ಬಂದ. ಔರಂಗಾಬಾದಿನಲ್ಲಿ ಅವನ ಅಪ್ಪ ಸದಾನಂದರಾಯರದೇ ಹೋಟೆಲಿತ್ತು. ಉಡುಪಿ ಕಡೆಯ ಜನವೇ, ಐತಾಳರ ಬಳಗವೇ. ಸ್ವಂತ ಮನೆಯ ಇಡ್ಲಿ ಬಿಟ್ಟು ಬಂದವನಿಗೆ ಇಲ್ಲಿಯ ಇಡ್ಲಿ ರುಚಿಸಿತೆಂದು ಐತಾಳರು ನಂಬಿದರು. ಹರಿದಾಸ ಐತಾಳರು ನಂಬುವ ವಿಷಯದಲ್ಲಿ ಧಾರಾಳಿ. ಪೂಜೆಯಾಗದೆ ಹನಿ ನೀರು ಬಾಯಿಗೆ ಬಿಡುವವರಲ್ಲ. ಹೆಂಡತಿ ವಾರಿಜಾಕ್ಷಿ ತೀರಿಕೊಂಡ ಮೇಲಂತೂ ಅವರಿಗೆ ನರಸಿಂಹದೇವರು, ಹೋಟೆಲು, ಮಗಳು, ಈ ಮೂರೇ ಪ್ರಪಂಚ.

ಅಪ್ಪಯ್ಯ ಮೇಲೆ ಪೂಜೆಗೆ ಹೋದ ಹೊತ್ತಿಗೆ ಜಲಜಾ ಗಲ್ಲಾದಲ್ಲಿ ಕೂರುತ್ತಿದ್ದಳು. ಕೃಷ್ಣರಾಜ ಸರಿಯಾಗಿ ಆ ಹೊತ್ತಿಗೇ ಬರುತ್ತಿದ್ದ. ಇದಕ್ಕೆ ಯಾವ ಪಂಚಾಂಗವೂ ಬೇಕಿರಲಿಲ್ಲ.

"ಈ ಊದಿನಕಡ್ಡಿ ಹೊಗೆಯಿಂದ ಇಡ್ಲಿ ಬೇಗ ಬೇಯತ್ತಾ?" ಗಲ್ಲಾದ ಮೇಲಿನ ದೇವರ ಪಟ ನೋಡಿ ಕೇಳುತ್ತಿದ್ದ.

"ಇಡ್ಲಿ ಹಬೆಯಲ್ಲೇ ಬೇಯುವುದು. ಊದಿನಕಡ್ಡಿ ಹಚ್ಚದ ದಿನ ಅಪ್ಪಯ್ಯನ ಮುಖ ಬೇಯದ ಇಡ್ಲಿ ಥರ ಇರ್ತದೆ, ಅದಕ್ಕೆ ಹಚ್ಚುವುದು."

ಒಂದು ದಿನ ದೇವರ ತಟ್ಟೆಯಿಂದ ಕೆಂಪು ದಾಸವಾಳ ಕೇಳಿ ತೆಗೆದುಕೊಂಡ. ಬಿಸಿನೀರಿನಲ್ಲಿ ಕಿವುಚಿ ಎರಡು ಲೋಟಕ್ಕೆ ಹಾಕಿದ. ಒಂದಕ್ಕೆ ನಿಂಬೆಹಣ್ಣು ಹಿಂಡಿದ, ನೀರು ಕೆಂಪು ಕೆಂಪಾಯಿತು. ಇನ್ನೊಂದಕ್ಕೆ ಬಜ್ಜಿಯ ಸೋಡಾಪುಡಿ ಉದುರಿಸಿದ, ಹಸಿರಾಯಿತು. ಜಲಜಾ ಕಣ್ಣು ಅರಳಿಸಿ ನೋಡಿದಳು. ಅವನು ನೋಡಿದ್ದು ಲೋಟವನ್ನಲ್ಲ.

"ನಮ್ಮ ಕಡೆ ದೇವರ ಮುಂದೆ ಹೂ ಕೇಳ್ತಾರಲ್ಲ? ನಾನೂ ಹೂವನ್ನೇ ಕೇಳೋದು. ನನಗೆ ಮಾತ್ರ ಪ್ರತಿ ಸಲ ಅದೇ ಉತ್ತರ ಸಿಗತ್ತೆ."

"ಪ್ರತಿ ಸಲ ಅದೇ ಉತ್ತರ ಅಂದ್ರೆ ಕೇಳುವುದು ಯಾಕೆ?"

ಅವನು ಜೋರಾಗಿ ನಕ್ಕ. ನಗುವಾಗ ಅವನ ಎಡಗೆನ್ನೆಯಲ್ಲಿ ಸಣ್ಣ ಗುಳಿ ಬೀಳುತ್ತಿತ್ತು. ಜಲಜಾ ಆ ದಿನ ಚಿಲ್ಲರೆಯನ್ನು ತಪ್ಪು ತಪ್ಪಾಗಿ ಕೊಟ್ಟಳು.

ಬೇಸಿಗೆಯ ಒಂದು ಸಂಜೆ ಪಂಚವಟಿಯ ಘಾಟಿನಲ್ಲಿ, ಗೋದಾವರಿಯ ಮೆಟ್ಟಿಲ ಮೇಲೆ ಕೂತು ಅವಳು ತನ್ನ ಆ ಇನ್ನೊಂದು ಹೆಸರು ಹೇಳಿದಳು. "ನಂದು ಮೂಲಾ ನಕ್ಷತ್ರ. ಸೊಸೆಯಾಗಿ ಹೋದ್ರೆ ಮಾವ ಉಳಿಯುವುದಿಲ್ಲ ಅಂತಾರೆ. ಬಂದ ಸಂಬಂಧವೆಲ್ಲ ಜಾತಕ ನೋಡಿ ತಿರುಗಿ ಹೋಯ್ತು. ಕೆಲವರು ಕಾಫಿ ಕೂಡ ಪೂರ್ತಿ ಕುಡಿಯಲಿಲ್ಲ."

ಹೇಳುವಾಗ ಅವಳು ನಗುತ್ತಿದ್ದಳು. ಅದು ಎಂಥ ನಗುವೆಂದು ಅವನಿಗೆ ಗೊತ್ತಾಯಿತು. ಮೊದಲ ಸಲ ಅವಳ ಕೈ ಹಿಡಿದ.

"ಜಲಜಾ, ಆಕಾಶದಲ್ಲಿ ಎಷ್ಟೋ ದೂರದಲ್ಲಿರೋ ನಕ್ಷತ್ರಕ್ಕೆ ಔರಂಗಾಬಾದಿನ ಗುಲ್ಮಂಡಿಯಲ್ಲಿರೋ ನಮ್ಮಪ್ಪನ ಅಡ್ರೆಸ್ ಗೊತ್ತಿರತ್ತಾ?"

ಅವಳಿಗೆ ನಿಜವಾದ ನಗು ಬಂತು, ಜೊತೆಗೆ ಅಳುವೂ. ಅಷ್ಟು ವರ್ಷ ತಲೆಯ ಮೇಲೆ ಹೊತ್ತಿದ್ದ ಕಲ್ಲನ್ನು ಯಾರೋ ಸಲೀಸಾಗಿ ಎತ್ತಿ ನೀರಿಗೆ ಹಾಕಿದ ಹಾಗಾಯಿತು. ಈ ಮನುಷ್ಯನನ್ನು ಬಿಟ್ಟು ಬೇರೆ ಯಾರೂ ಬೇಡವೆಂದು ಅಲ್ಲೇ ತೀರ್ಮಾನಿಸಿದಳು.

ಜೂನಿನಲ್ಲಿ ಅವನಿಗೆ ಔರಂಗಾಬಾದಿನಲ್ಲೇ ಕಾಯಂ ಕೆಲಸ ಸಿಕ್ಕಿತು. ಆದರೂ ಭಾನುವಾರ ತಪ್ಪಿಸದೆ ಬಸ್ಸು ಹತ್ತಿ ಬರುತ್ತಿದ್ದ. ದೀಪಾವಳಿ ಕಳೆದ ಮೇಲೆ ಅಪ್ಪನನ್ನೇ ಕರೆದುಕೊಂಡು ಬಂದ. ಸದಾನಂದರಾಯರು ಒಳ್ಳೆಯ ಮನುಷ್ಯ, ಆದರೆ ಜೀವದ ಆಸೆ ಯಾರಿಗಿಲ್ಲ? "ಮೂಲಾ ಅಂದ್ರೆ ನನ್ನ ಹೆಂಡತಿ ಅಳ್ತಾಳೆ ಐತಾಳರೇ. ನೀವು ಹೂ ಕೇಳಿ. ದೇವರು ಹೂಂ ಅಂದ್ರೆ ನಂದೇನೂ ತಕರಾರಿಲ್ಲ," ಎಂದರು.

ಐತಾಳರು ಬಾಳೆಲೆಯ ಎರಡು ಪೊಟ್ಟಣ ಕಟ್ಟಿ ನರಸಿಂಹನ ಮುಂದಿಟ್ಟರು. ಒಂದರಲ್ಲಿ ಬಿಳಿಯ ನಂದಿಬಟ್ಟಲು, ಒಂದರಲ್ಲಿ ಕೆಂಪು ದಾಸವಾಳ ಎಂದರು. ಬಿಳಿ ಬಂದರೆ ಸರಿ, ಕೆಂಪು ಬಂದರೆ ಇಲ್ಲ. ಅವರು ಕಣ್ಣೆತ್ತದೆ ಪೊಟ್ಟಣಗಳನ್ನು ಸರಿಪಡಿಸುತ್ತಲೇ ಇದ್ದುದನ್ನು ಎಲ್ಲರೂ ಭಕ್ತಿ ಎಂದುಕೊಂಡರು. ಸದಾನಂದರಾಯರು ಕಣ್ಣು ಮುಚ್ಚಿ ಒಂದನ್ನು ಎತ್ತಿ ಬಿಚ್ಚಿದರು. ಬಿಳಿ ಹೂ.

"ಇನ್ನೊಂದನ್ನೂ ಬಿಚ್ಚಿ ಮಾವ," ಎಂದ ಕೃಷ್ಣರಾಜ ತುಂಟತನದಿಂದ. "ಎರಡೂ ನೋಡದಿದ್ರೆ ಟೆಸ್ಟ್ ಪೂರ್ತಿ ಆಗಲ್ಲ."

"ದೇವರನ್ನು ಎರಡನೇ ಸಲ ಕೇಳ್ಬಾರದು," ಎನ್ನುತ್ತಾ ಐತಾಳರು ಆ ಪೊಟ್ಟಣವನ್ನು ಪಂಚೆಯ ಮಡಿಲಲ್ಲಿ ಕಟ್ಟಿಕೊಂಡು, ಚಪ್ಪಲಿ ಕೂಡ ಹಾಕದೆ ಹೋಗಿ ಗೋದಾವರಿಗೆ ಬಿಟ್ಟು ಬಂದರು. ಅಂದೇ ವೀಳ್ಯ ಬದಲಾಯಿತು. ಯುಗಾದಿಯ ನಂತರ ಮದುವೆ. ಆ ದಿನದಿಂದ ಐತಾಳರು ಒಂದೇ ಹೊತ್ತು ಉಣ್ಣತೊಡಗಿದರು. ಕೇಳಿದರೆ ಹೊಟ್ಟೆ ಸರಿಯಿಲ್ಲ ಎನ್ನುತ್ತಿದ್ದರು.

ಸಂಕ್ರಾಂತಿ ಕಳೆದ ಮೇಲೆ ಕೃಷ್ಣರಾಜ ಬರುವುದು ನಿಂತಿತು. ಔರಂಗಾಬಾದಿನ ಹೋಟೆಲಿಗೆ ಟ್ರಂಕ್ ಕಾಲ್ ಹಾಕಿದರೆ "ಪರೀಕ್ಷೆ ಕೆಲಸ" ಎಂದು ಎರಡೇ ಮಾತು. ಆಮೇಲೆ ಊರವರ ಬಾಯಿಂದ ಸುದ್ದಿ ಬಂತು. ಔರಂಗಾಬಾದಿನ ಕಡೆಯವರು ಸಂಬಂಧ ಬೇಡ ಅಂತಿದ್ದಾರಂತೆ, ಅದೇ ಮೂಲಾ ನಕ್ಷತ್ರದ ಕಾಟವಂತೆ. ಜಲಜಾ ನಂಬಲಿಲ್ಲ. ಬೇರೆ ಯಾವ ಕಾರಣ ಹೇಳಿದ್ದರೂ ನಂಬುತ್ತಿದ್ದಳೇನೋ, ಇದನ್ನು ಮಾತ್ರ ನಂಬುವುದು ಅವಳಿಂದಾಗಲಿಲ್ಲ. ಅಪ್ಪಯ್ಯನಿಗೆ ಹೇಳಿ ಬೆಳಗಿನ ಬಸ್ಸು ಹತ್ತಿದಳು. ಯೇವಲಾ, ವೈಜಾಪುರ ದಾಟುವವರೆಗೂ ಅವನ ಪರವಾಗಿ ಮನಸ್ಸಿನಲ್ಲೇ ವಾದಿಸುತ್ತಾ ಕೂತಿದ್ದಳು.

ಕಾಲೇಜಿನ ಬಾಗಿಲಲ್ಲಿ ಅವಳನ್ನು ಕಂಡು ಅವನ ಮುಖ ಬಿಳಿಚಿತು. ಊರಿನ ಹಳೆಯ ನೀರುಗಿರಣಿ ಪನ್‌ಚಕ್ಕಿಗೆ ಕರೆದುಕೊಂಡು ಹೋದ. ಆಲದ ಮರದ ಕೆಳಗೆ, ಕೊಳಕ್ಕೆ ನೀರು ಬೀಳುವ ಸದ್ದಿನಲ್ಲಿ ಕೂತರು.

"ಪುಣೆಯಲ್ಲಿ ಒಂದು ಲೆಕ್ಚರ್ ಕೇಳಿದೆ ಜಲಜಾ. ದೊಡ್ಡ ಪ್ರೊಫೆಸರ್. ಹೆಂಡತಿ ನೆಗೆಟಿವ್, ಗಂಡ ಪಾಸಿಟಿವ್ ಆದ್ರೆ ತಾಯಿಯ ರಕ್ತವೇ ಮಗುವನ್ನ ಕೊಲ್ಲತ್ತೆ. ನಮಗೆ ಮಕ್ಕಳು ಉಳಿಯಲ್ಲ."

ಅವಳಿಗೆ ಕೊಳದ ನೀರೆಲ್ಲ ಕಿವಿಗೆ ನುಗ್ಗಿದಂತಾಯಿತು. "ಸ್ಪೆಷಲ್ ಅಂದಿದ್ರಿ," ಎಂದಳು.

"ಆಗ ಗೊತ್ತಿರಲಿಲ್ಲ."

"ಯಾರಾದ್ರೂ ಡಾಕ್ಟರನ್ನು ಕೇಳಿದ್ರಾ?"

"ಕೇಳೋದೇನು? ಪುಸ್ತಕದಲ್ಲೂ ಇದೆ. ಇದು ಜಾತಕ ಅಲ್ಲ ಜಲಜಾ, ಸೈನ್ಸ್."

"ನಕ್ಷತ್ರಕ್ಕೆ ನಿಮ್ಮಪ್ಪನ ಅಡ್ರೆಸ್ ಗೊತ್ತಿಲ್ಲ ಅಂದ್ರಿ. ಆ ಪ್ರೊಫೆಸರಿಗೆ ನನ್ನ ಅಡ್ರೆಸ್ ಗೊತ್ತುಂಟಾ?"

ಅವಳು ಇನ್ನೊಂದು ಪ್ರಶ್ನೆ ಕೇಳಬಾರದಿತ್ತು, ಕೇಳಿದಳು. "ಹಾಗಾದ್ರೆ ಊರೆಲ್ಲ ಮೂಲಾ ನಕ್ಷತ್ರ ಅಂತ ಯಾಕೆ ಹೇಳ್ತಿದೆ? ಯಾರು ಹೇಳಿದ್ದು?"

ಕೃಷ್ಣರಾಜ ಮರದ ಬೇರನ್ನು ನೋಡುತ್ತಾ ಹೇಳಿದ. "ನಾನೇ. ಅಪ್ಪ ಅಮ್ಮನ ಮುಂದೆ ರಕ್ತ, ಬಸಿರು ಅಂತೆಲ್ಲಾ ಹೇಗೆ ಹೇಳೋದು? ಮೂಲಾ ಅಂದ್ರೆ ಎಲ್ಲರಿಗೂ ಅರ್ಥ ಆಗತ್ತೆ. ಯಾರೂ ಎದುರು ಕೇಳಲ್ಲ."

ಬಿಟ್ಟು ಹೋದದ್ದಕ್ಕಾದರೂ ಅವಳು ಕ್ಷಮಿಸುತ್ತಿದ್ದಳೇನೋ. ಘಾಟಿನ ಮೆಟ್ಟಿಲ ಮೇಲೆ ತನ್ನ ಕೈಯಾರೆ ಎತ್ತಿ ನೀರಿಗೆ ಹಾಕಿದ ಕಲ್ಲನ್ನು ಅವನೇ ಹುಡುಕಿ ತಂದು ಮತ್ತೆ ಅವಳ ತಲೆಯ ಮೇಲಿಟ್ಟಿದ್ದ. ತಾನು ಒಂದಿಷ್ಟೂ ನಂಬದ ಮಾತನ್ನು, ಅನುಕೂಲಕ್ಕೆಂದು. ಅವಳು ಎದ್ದು, ಸೆರಗು ಕೊಡವಿ, ಒಬ್ಬಳೇ ಬಸ್ ಸ್ಟ್ಯಾಂಡಿಗೆ ನಡೆದಳು. ಅವನು "ಜಲಜಾ, ಊಟ ಮಾಡಿ ಹೋಗು" ಅಂದ. ಅದನ್ನು ನೆನೆದರೆ ಅವಳಿಗೆ ಇವತ್ತಿಗೂ ಮೈ ಉರಿಯುತ್ತದೆ.

ಮನೆ ಸೇರಿದಾಗ ದೀಪ ಹಚ್ಚುವ ಹೊತ್ತು. ಅಪ್ಪಯ್ಯ ದೇವರ ಮುಂದಿದ್ದರು. ಅವಳು ಬಾಗಿಲಲ್ಲೇ ಕುಸಿದು ಕೂತು ಎಲ್ಲ ಹೇಳಿದಳು. ಕೊನೆಗೆ ಸಿಟ್ಟು ದೇವರ ಮೇಲೆ ತಿರುಗಿತು.

"ನಿಮ್ಮ ನರಸಿಂಹನೂ ಸುಳ್ಳ ಅಪ್ಪಯ್ಯ. ಬಿಳಿ ಹೂ ಕೊಟ್ಟು ನನಗೆ ಮೋಸ ಮಾಡಿದ."

"ಅವನಿಗೆ ಬೈಬೇಡ ಮಗಾ," ಎಂದರು ಐತಾಳರು. ಗಂಟೆಯನ್ನು ಕೆಳಗಿಟ್ಟರು. "ಅವನು ಎಂತದೂ ಹೇಳಲಿಲ್ಲ. ಅವನಿಗೆ ಹೇಳಲಿಕ್ಕೆ ನಾನು ಬಿಡಲೇ ಇಲ್ಲ."

"ಅಂದ್ರೆ?"

"ಎರಡು ಪೊಟ್ಟಣದಲ್ಲೂ ನಂದಿಬಟ್ಟಲೇ ಇತ್ತು."

ಜಲಜಾಗೆ ಅರ್ಥವಾಗಲು ಒಂದು ಗಳಿಗೆ ಹಿಡಿಯಿತು. ದೇವರಿಗೆ ಇಟ್ಟ ಬಾಳೆಹಣ್ಣಿನಲ್ಲಿ ಒಂದು ಕಪ್ಪು ಚುಕ್ಕೆಯಿದ್ದರೆ ಬದಲಾಯಿಸುವ ಅಪ್ಪಯ್ಯ, ಆ ದೇವರ ಎದುರಿಗೇ ಕೂತು ಮೋಸ ಮಾಡಿದ್ದರು.

"ಮತ್ತೆ ಮೂಲಾ? ನೀವು ಅದನ್ನು ನಂಬುವುದಿಲ್ವಾ?"

"ನಂಬದೆ ಏನು? ನಂಬ್ತೇನೆ. ಅದಕ್ಕೇ ಹೆದರಿಕೆ. ಸದಾನಂದರಾಯರಿಗೆ ಬರುವುದೆಲ್ಲ ನನಗೇ ಬರಲಿ ಅಂತ ಹರಕೆ ಹೊತ್ತೆ. ರಾತ್ರಿ ಊಟ ಬಿಟ್ಟದ್ದು ಅದಕ್ಕೇ." ಅವರು ಮಗಳ ಮುಖ ನೋಡಲಿಲ್ಲ, ದೇವರ ಮುಖವನ್ನೂ ನೋಡಲಿಲ್ಲ. "ನೀನು ಆ ಹುಡುಗನನ್ನು ನೋಡಿ ನಗುವುದನ್ನು ಪೂಜೆ ಮುಗಿಸಿ ಇಳಿಯುವಾಗ ಗಲ್ಲಾದ ಹಿಂದಿನಿಂದ ನೋಡಿದ್ದೆ ಮಗಾ. ನಿನ್ನಮ್ಮ ಹೋದ ಮೇಲೆ ನೀನು ಹಾಗೆ ನಕ್ಕದ್ದು ನಾನು ಕಂಡಿರಲಿಲ್ಲ."

ಅವಳು ಅಪ್ಪಯ್ಯನ ಮೊಣಕಾಲಿಗೆ ತಲೆ ಇಟ್ಟು ಅತ್ತಳು.

ಕೆಲವು ದಿನದ ಮೇಲೆ ಡಾಕ್ಟರ್ ಗುಣವತಿಯವರಿಂದ ಕರೆ ಬಂತು. ಆಸ್ಪತ್ರೆಯಲ್ಲಿ ಒಬ್ಬಳಿಗೆ ಓ ನೆಗೆಟಿವ್ ಬೇಕಿತ್ತು. ಸೂಜಿ ಚುಚ್ಚಿಸಿಕೊಂಡು ಮಲಗಿದ್ದ ಜಲಜಾ ಛಾವಣಿ ನೋಡುತ್ತಲೇ ಕೇಳಿದಳು. "ಡಾಕ್ಟರ್, ನನ್ನಂಥವರಿಗೆ ಮಕ್ಕಳು ಉಳಿಯುವುದಿಲ್ವಂತೆ, ಹೌದಾ?"

"ಯಾವಂವ ಹೇಳಿದ?" ಡಾಕ್ಟರ ದನಿಗೆ ನರ್ಸು ಬೆಚ್ಚಿದಳು. "ಮೊದಲ ಕೂಸಿಗೆ ಬಹುತೇಕ ಏನೂ ಆಗಂಗಿಲ್ಲ. ಮುಂದಿನವಕ್ಕ ಕೆಲವೊಮ್ಮೆ ತೊಂದ್ರಿ ಆಗ್ತದ, ಎಲ್ಲರಿಗೂ ಅಲ್ಲ. ಈಗ ಅದಕ್ಕೂ ಇಂಜೆಕ್ಷನ್ ಬಂದದ, ಮುಂಬೈದಾಗ ಸಿಗ್ತದ, ಹಡೆದ ಕೂಡ್ಲೆ ಕೊಟ್ರ ಆಯ್ತು. ನೀ ಯಾಕ್ ಅಳಲಕತ್ತಿದಿ? ಆ ಶಿಬಿರದಾಗ ಬಿದ್ದನಲ್ಲ, ಅಂವನೇ ಏನು? ಅವನ ನಂಬರ್ ಕೊಡು ಇಲ್ಲಿ."

ಮರು ಭಾನುವಾರವೇ ಕೃಷ್ಣರಾಜ ಬಂದ. ಮಧ್ಯಾಹ್ನ, ಹೋಟೆಲು ಖಾಲಿಯಿದ್ದ ಹೊತ್ತು. ಹೊಸ ಶರ್ಟು, ಕೈಯಲ್ಲಿ ಮಲ್ಲಿಗೆ, ಮುಖದಲ್ಲಿ ಪಾಸಾದ ವಿದ್ಯಾರ್ಥಿಯ ಸಂತೋಷ. ಅವನನ್ನು ಕಂಡ ಕೂಡಲೇ ಜಲಜಾಳ ಎದೆ ಮೊದಲಿನ ಹಾಗೆಯೇ ಹಾರಿತು. ಅದಕ್ಕೆ ಅವಳಿಗೆ ತನ್ನ ಮೇಲೆಯೇ ಕೋಪ ಬಂತು.

"ಡಾಕ್ಟರಮ್ಮ ಸರಿಯಾಗಿ ಬೈದ್ರು. ನಾನು ಅರ್ಧ ಮಾತ್ರ ತಿಳಿದಿದ್ದೆ ಜಲಜಾ. ಸಾರಿ. ಈಗ ಯಾವ ಅಡ್ಡಿಯೂ ಇಲ್ಲ. ಅಪ್ಪನಿಗೂ ಏನಾದ್ರೂ ಹೇಳಿ ಒಪ್ಪಿಸ್ತೇನೆ."

ಅವಳು ಕಾಫಿ ತಂದಿಟ್ಟು ಎದುರು ಕೂತಳು. "ಡಾಕ್ಟರು ಅಡ್ಡಿ ಉಂಟು ಅಂದಿದ್ರೆ?"

ಅವನು ಸುಳ್ಳು ಹೇಳಬಹುದಿತ್ತು. ಅಷ್ಟರ ಮಟ್ಟಿಗೆ ಪ್ರಾಮಾಣಿಕ, ಹೇಳಲಿಲ್ಲ. "ಆಗ... ಫ್ಯಾಕ್ಟ್ ಫ್ಯಾಕ್ಟೇ ಅಲ್ವಾ?"

ಮೇಜಿನ ಮೇಲೆ ಅವನ ಕೈಯಿತ್ತು. ಬೆರಳ ತುದಿಯಲ್ಲಿ ಆಸಿಡ್ಡಿನ ಹಳದಿ ಕಲೆ. ಆ ಕೈಯನ್ನು ಹಿಡಿದುಬಿಡೋಣ, ಎಲ್ಲ ಮರೆತುಬಿಡೋಣ ಎಂದು ಅವಳಿಗೆ ಒಂದು ಕ್ಷಣ ಬಲವಾಗಿ ಅನಿಸಿತು. ಹಿಡಿಯುವ ಮೊದಲು ಒಂದು ಮಾತು ಹೇಳಿ ನೋಡೋಣ ಎಂದುಕೊಂಡಳು. ಪೊಟ್ಟಣದ ಕಥೆ ಹೇಳಿದಳು. ಎರಡರಲ್ಲೂ ಬಿಳಿ ಹೂವೇ ಇತ್ತು, ಅಪ್ಪಯ್ಯನೇ ಇಟ್ಟಿದ್ದು, ಎಂದು ಹೇಳಿ ಅವನ ಮುಖ ನೋಡಿದಳು.

ಕೃಷ್ಣರಾಜ ಮೇಜು ತಟ್ಟಿ ನಕ್ಕ. ಕೆನ್ನೆಯ ಗುಳಿ ಬಿತ್ತು. "ಅರೇ! ನಾನು ಅವತ್ತೇ ಹೇಳಿರಲಿಲ್ವಾ, ಎರಡನೆಯದನ್ನೂ ಬಿಚ್ಚಿ ಅಂತ? ನೋಡಿದ್ಯಾ, ಇದೆಲ್ಲಾ ಹೇಗೆ ನಡೆಯತ್ತೆ ಅಂತ! ಶುದ್ಧ ಮೋಸ."

ಜಲಜಾಳ ಎದೆಯಲ್ಲಿ ಹಾರುತ್ತಿದ್ದದ್ದು ನಿಂತಿತು.

"ಹೌದು, ಮೋಸವೇ," ಎಂದಳು. "ಅಪ್ಪಯ್ಯ ಜೀವಮಾನ ಪೂರ್ತಿ ನಂಬಿದ ದೇವರಿಗೆ ನನಗೋಸ್ಕರ ಮೋಸ ಮಾಡಿದರು. ಪಾಪ ಬಂದರೆ ತನಗೇ ಬರಲಿ ಅಂತ ಊಟ ಬಿಟ್ಟರು. ನೀವು ಯಾರೋ ಹೇಳಿದ ಒಂದು ಮಾತಿಗೆ ನನ್ನನ್ನು ಬಿಟ್ಟಿರಿ. ಅದೂ ನೀವೇ ನಂಬದ ನಕ್ಷತ್ರದ ಹೆಸರು ಹೇಳಿ. ನಾಳೆ ಇನ್ನೊಬ್ಬ ಪ್ರೊಫೆಸರು ಇನ್ನೇನೋ ಹೇಳಿದ್ರೆ ನಾನು ಯಾರ ಮನೆಗೆ ಹೋಗ್ಲಿ?"

"ಜಲಜಾ, ಸೈನ್ಸನ್ನೂ ಹೂವನ್ನೂ ಒಂದೇ ತಕ್ಕಡಿಯಲ್ಲಿ..."

"ಸೈನ್ಸು ತಪ್ಪು ಅಂತ ನಾನು ಹೇಳಲಿಲ್ಲ. ಡಾಕ್ಟರ ಇಂಜೆಕ್ಷನ್ನು ನಿಜ ಅಂತ ನಾನೂ ನಂಬ್ತೇನೆ. ನಿಮ್ಮನ್ನು ನಂಬುವುದು ಇನ್ನು ನನ್ನಿಂದ ಆಗುವುದಿಲ್ಲ. ನೀವು ಹೋಗಿ."

ಅವನು ಮಲ್ಲಿಗೆಯನ್ನು ಮೇಜಿನ ಮೇಲಿಟ್ಟು, ಕಾಫಿಯನ್ನು ಅರ್ಧಕ್ಕೇ ಬಿಟ್ಟು ಎದ್ದ. ಬಾಗಿಲಲ್ಲಿ ಒಮ್ಮೆ ತಿರುಗಿ ನೋಡಿದ. ಅವಳು ಲೋಟ ಎತ್ತಿಕೊಂಡು ಒಳಗೆ ಹೋದಳು, ಅಲ್ಲಿ ನಲ್ಲಿ ಬಿಟ್ಟುಕೊಂಡು ನೀರಿನ ಸದ್ದಿನಲ್ಲಿ ಬಹಳ ಹೊತ್ತು ನಿಂತಳು.

ಆ ಸಂಜೆ ಊಟಕ್ಕೆ ಎರಡು ಎಲೆ ಹಾಕಿದಳು. ಐತಾಳರು ಕೈ ಅಡ್ಡ ಹಿಡಿದರು. "ನನಗೆ ಬೇಡ ಮಗಾ. ಗೊತ್ತಲ್ಲ."

"ನಾನು ಇನ್ನು ಆ ಮನೆಯ ಸೊಸೆಯಲ್ಲ ಅಪ್ಪಯ್ಯ. ಸದಾನಂದರಾಯರಿಗೆ ನನ್ನಿಂದ ಏನೂ ಆಗಲಿಕ್ಕಿಲ್ಲ. ನಿಮ್ಮ ಹರಕೆ ಮುಗೀತು. ಕೂತ್ಕೊಳ್ಳಿ, ಬಡಿಸ್ತೇನೆ."

ಐತಾಳರು ಕೂತರು. ಅನ್ನಕ್ಕೆ ಸಾರು ಕಲಸಿದರು. ಮಗಳ ಊದಿದ ಕಣ್ಣು ನೋಡಿದರು, ಗೋಡೆಯ ಮೇಲಿನ ನರಸಿಂಹನನ್ನು ನೋಡಿದರು.

"ಮುಂದೆ ಯಾರಾದ್ರೂ ಒಳ್ಳೆಯವರು ಬಂದ್ರೆ," ಎಂದರು ಅಂಜುತ್ತಾ, "ಮತ್ತೊಮ್ಮೆ ಹೂ ಕೇಳುವನಾ?"

"ಕೇಳುವ," ಎಂದಳು ಜಲಜಾ, ಅವರ ಎಲೆಗೆ ತುಪ್ಪ ಹಾಕುತ್ತಾ. "ಈ ಸಲ ಪೊಟ್ಟಣ ನಾನು ಕಟ್ತೇನೆ."